ಸೋಲಲು ಹೋದ ಸ್ಪಂಜಪ್ಪ

ಇಷ್ಟಕ್ಕೆಲ್ಲ ಕಾರಣ ಸ್ಪಂಜಪ್ಪನ ಬೆನ್ನುನೋವು.

ಹಾಸಿಗೆ ಅಂಗಡಿಯ ಸೇಲ್ಸ್‌ಮನ್ ಆಗಿದ್ದ ಅವನಿಗೆ ಆ ಹೆಸರಿಟ್ಟವರು ಜೊತೆಯ ಕೆಲಸಗಾರರು. ಯಾರು ಏನಂದರೂ ಹೀರಿಕೊಂಡು, ಒತ್ತಿದ ಗುರುತೂ ಉಳಿಯದಂತೆ ಮತ್ತೆ ಉಬ್ಬಿ ನಿಲ್ಲುವ ಜಾತಿ. ಶನಿವಾರ ಸಂಜೆ, ಬೆಟ್ಟದ ಮೇಲಿನ ಹೋಟೆಲಿನ ಯಜಮಾನರು ತಮ್ಮ ಕೋಣೆಗಳಿಗೆಲ್ಲ ಹೊಸ ಹಾಸಿಗೆ ನೋಡಲು ಬಂದಿದ್ದರು. ಸ್ಪಂಜಪ್ಪ ರೂಢಿಯಂತೆ ಒಂದು ಹಾಸಿಗೆಯನ್ನು ತಟ್ಟಿ ತೋರಿಸಿದ.

"ನಾನೂ ಇದರ ಮೇಲೇ ಮಲಗೋದು ಸರ್. ನಂದು ಡಿಸ್ಕು. ಎಷ್ಟೋ ವರ್ಷದ್ದು."

ಯಜಮಾನರ ಮುಖ ಅರಳಿತು. "ನೀವೂ ಡಿಸ್ಕಾ? ನನಗೊಂದು ಸರಿಯಾದ ಜೋಡಿ ಸಿಗದೆ ಒದ್ದಾಡ್ತಿದ್ದೆ. ನಾಳೆ ಬೆಳಗ್ಗೆ ಬೆಟ್ಟಕ್ಕೆ ಬಂದುಬಿಡಿ. ಆಡ್ತಾ ಆಡ್ತಾ ಹಾಸಿಗೆ ವಿಷಯ ಮುಗಿಸೋಣ."

ಅವರು ಹೇಳಿದ ಡಿಸ್ಕು ಬೇರೆ ಎಂದು ತಿಳಿದದ್ದು ಅವರ ಕಾರು ಹೊರಟ ಮೇಲೆ, ಅಂಗಡಿಯ ಮ್ಯಾನೇಜರ್ ಬಾಯಿಂದ. ಯಜಮಾನರು ತಮ್ಮ ಸ್ವಂತ ಬೆಟ್ಟದ ಉದ್ದಕ್ಕೂ ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿಗಳನ್ನು ನೆಡಿಸಿದ್ದರಂತೆ. ಡಿಸ್ಕು ಎಂಬ ಪ್ಲಾಸ್ಟಿಕ್ ತಟ್ಟೆ ಎಸೆಯುತ್ತ ಹೋಗಬೇಕು, ಕಡಿಮೆ ಎಸೆತದಲ್ಲಿ ಯಾರ ತಟ್ಟೆ ಬುಟ್ಟಿ ಸೇರುವುದೋ ಅವರು ಗೆದ್ದಂತೆ.

"ಸರ್, ನನಗೆ ತಟ್ಟೆಯಲ್ಲಿ ಊಟ ಮಾಡೋದು ಬಿಟ್ಟು ಬೇರೇನೂ ಬರಲ್ಲ. ಫೋನ್ ಮಾಡಿ ಹೇಳಿಬಿಡ್ತೀನಿ" ಎಂದ ಸ್ಪಂಜಪ್ಪ.

ಮ್ಯಾನೇಜರ್ ಅವನ ಕೈಯಿಂದ ಫೋನ್ ಕಿತ್ತುಕೊಂಡರು. "ಬರದಿದ್ದರೇ ಒಳ್ಳೇದು ಕಣ್ರೀ. ಅವರು ಆ ಬೆಟ್ಟದಲ್ಲಿ ಯಾವತ್ತೂ ಸೋತಿಲ್ಲ. ಹೋಗಿ ಮರ್ಯಾದೆಯಾಗಿ ಸೋತು ಬನ್ನಿ. ಈ ಆರ್ಡರ್ ಕೈತಪ್ಪಿದರೆ ನೀವು ಗೋಡೌನಲ್ಲಿ ಹಾಸಿಗೆ ಹೊರಬೇಕಾಗುತ್ತೆ."

ಕ್ಯಾಶಿಯರ್ ಅಕ್ಕ ಕೂಡಲೇ ಗುರುವಾದರು. ಮೊಬೈಲಿನಲ್ಲಿ ಏನನ್ನೋ ನೋಡಿ, ಊಟದ ಡಬ್ಬಿಯ ಮುಚ್ಚಳ ಕೊಟ್ಟು, "ಬಾಗಿಲ ಚಿಲಕ ತಿರುಗಿಸಿದ ಹಾಗೆ ಮಣಿಕಟ್ಟು ತಿರುಗಿಸಿ" ಎಂದರು. ಮುಚ್ಚಳ ನೇರವಾಗಿ ಟ್ಯೂಬ್‌ಲೈಟಿಗೆ ಹೋಯಿತು. "ಪರವಾಗಿಲ್ಲ, ಸೋಲ್ತೀರಿ" ಎಂದು ಅವರೇ ಸಮಾಧಾನ ಹೇಳಿದರು.

ಭಾನುವಾರ ಬೆಳಗ್ಗೆ ಹೋಟೆಲಿನ ಬಳಿ ಕಾರು ನಿಲ್ಲಿಸಿ ಮೊದಲ ಬುಟ್ಟಿಯವರೆಗೆ ಬೆಟ್ಟ ಹತ್ತುವಷ್ಟರಲ್ಲಿ ಸ್ಪಂಜಪ್ಪನ ಸೊಂಟ ಪ್ರಶ್ನಾರ್ಥಕ ಚಿಹ್ನೆಯಾಗಿತ್ತು. ಹಿಂದೆ ಮ್ಯಾನೇಜರ್, ವರನ ತಂದೆಯಂತೆ ನಗುತ್ತ ಬರುತ್ತಿದ್ದರು. ಯಜಮಾನರು ಮೊದಲ ತಟ್ಟೆಯನ್ನು ಚೊಕ್ಕವಾಗಿ ಬುಟ್ಟಿಯ ಬುಡಕ್ಕೆ ಇಳಿಸಿದರು. ಸೋಲುವುದೇ ಕೆಲಸವೆಂದು ಸ್ಪಂಜಪ್ಪ ಬುಟ್ಟಿಯ ಕಡೆ ನೋಡದೆ, ಪಕ್ಕದ ದಪ್ಪ ಮರಕ್ಕೆ ಗುರಿಯಿಟ್ಟು ಬೀಸಿದ. ತಟ್ಟೆ ಮರಕ್ಕೆ ಬಡಿದು, ಸಾಲ ಕೊಟ್ಟವನನ್ನು ಕಂಡವನಂತೆ ತಿರುಗಿ ಓಡಿ, ಸರಪಳಿಗೆ ಸಿಕ್ಕಿ ಝಣ್ಣನೆ ಬುಟ್ಟಿಯೊಳಗೆ ಬಿತ್ತು.

"ಅದ್ಭುತ" ಎಂದರು ಯಜಮಾನರು.

"ಏನ್ರೀ ಇದು" ಎಂದು ಮ್ಯಾನೇಜರ್ ಕಿವಿಯಲ್ಲಿ ಗದರಿದರು.

"ಬೇಕಂತ ಮಾಡಿಲ್ಲ ಸರ್."

ಮುಂದಿನ ಬುಟ್ಟಿಗೆ ಕಣ್ಣು ಮುಚ್ಚಿ ಕಣಿವೆಯ ಕಡೆಗೇ ಎಸೆದ. ಕೆಳಗಿನಿಂದೆದ್ದ ಗಾಳಿ ಅದನ್ನೆತ್ತಿ, ತವರಿಗೆ ಹೊರಟ ತಂಗಿಯನ್ನು ಕರೆತಂದ ಅಣ್ಣನಂತೆ ಜೋಪಾನವಾಗಿ ಬುಟ್ಟಿಯ ಪಕ್ಕ ತಂದಿಳಿಸಿತು. ಇನ್ನೊಂದು ಕಡೆ ಬೆನ್ನು ಹಿಡಿದುಕೊಂಡಾಗ ತಟ್ಟೆ ಕೈಜಾರಿತು. ಅದು ನೆಟ್ಟಗೆ ನಿಂತು ಇಳಿಜಾರಿನಲ್ಲಿ ಉರುಳುತ್ತ ಉರುಳುತ್ತ, ತಿರುವು ಬಂದಲ್ಲಿ ತಿರುಗಿ, ಬುಟ್ಟಿಯ ಕಂಬಕ್ಕೆ ಒರಗಿ ನಿಂತಿತು. ಜೀವಮಾನದಲ್ಲಿ ಯಾವುದರಲ್ಲೂ ಗೆಲ್ಲದವನಿಗೆ ಇವತ್ತೇ ಈ ಗ್ರಹಚಾರ. ಮ್ಯಾನೇಜರ ಮುಖ ಸುಟ್ಟ ಬದನೆಕಾಯಿಯಾಗಿತ್ತು.

ಕೊನೆಯ ಬುಟ್ಟಿಗೆ ಬರುವಾಗ ಸ್ಪಂಜಪ್ಪ ಎಷ್ಟೋ ಮುಂದಿದ್ದ. ಮ್ಯಾನೇಜರ್ ಗೋಡೌನಿನ ಬೀಗದ ಕೈಯನ್ನು ಜೇಬಿನಿಂದ ತೆಗೆದು ತೋರಿಸಿದರು. ಸ್ಪಂಜಪ್ಪ ಹಲ್ಲುಕಚ್ಚಿ ಗಾಳಿಯೂ ಇಲ್ಲದ, ಮರವೂ ಇಲ್ಲದ ಕಡೆ ಹುಡುಕಿ, ಮುಳ್ಳಿನ ಪೊದೆಗೆ ಒಂದಾದ ಮೇಲೊಂದರಂತೆ ತಟ್ಟೆಗಳನ್ನು ತುರುಕಿದ. ಮುಂದಿದ್ದವನು ಹಿಂದೆ ಬಿದ್ದ. ಯಜಮಾನರು ಗೆದ್ದರು. ಮ್ಯಾನೇಜರ್ ಅವನ ಬೆನ್ನನ್ನೇ ತಟ್ಟಿದರು. ಜೀವ ಹೋದಷ್ಟು ನೋವಾದರೂ ಸ್ಪಂಜಪ್ಪ ನಕ್ಕ.

ಹೋಟೆಲಿನ ಜಗಲಿಯಲ್ಲಿ ಯಜಮಾನರ ಹೆಂಡತಿ ಚಹಾ ಇಟ್ಟುಕೊಂಡು ಕಾಯುತ್ತಿದ್ದರು. ಪಕ್ಕದಲ್ಲೊಂದು ದೂರದರ್ಶಕವಿತ್ತು.

"ಎಲ್ಲ ನೋಡಿದೆ. ಮೊದಲಿಂದ ಎಷ್ಟು ಚೆನ್ನಾಗಿ ಆಡಿದ್ರಿ. ಕೊನೇಲಿ ಯಾಕೆ ಪೊದೆಗೆ ಎಸೆದ್ರಿ?"

ಸ್ಪಂಜಪ್ಪ ಚಹಾ ನೋಡಿದ.

"ಬರೋರೆಲ್ಲ ಇದೇ ಮಾಡೋದು. ಬೇಕಂತ ಸೋತು ಇವರನ್ನ ಉಬ್ಬಿಸ್ತಾರೆ, ಆಮೇಲೆ ಕೆಟ್ಟ ಮಾಲು ತಂದು ಸುರೀತಾರೆ. ಅದಕ್ಕೇ ಖರೀದಿ ಈಗ ನಾನೇ ನೋಡ್ಕೋತೀನಿ. ಆಟದಲ್ಲಿ ಮೋಸ ಮಾಡೋರು ಹಾಸಿಗೆಯೊಳಗೆ ಏನು ತುಂಬಿರ್ತಾರೋ ಯಾರಿಗೆ ಗೊತ್ತು?"

"ನಾನು ನಿಜವಾಗಿ ಗೆದ್ದಿಲ್ವಾ?" ಎಂದು ಯಜಮಾನರು ಸಣ್ಣ ಮುಖ ಮಾಡಿದರು.

ಮ್ಯಾನೇಜರ್ ಎದ್ದು ನಿಂತರು. "ಮೇಡಂ, ಬಿಸಿಲಿಗೆ ಸ್ವಲ್ಪ ತಲೆ ತಿರುಗಿತ್ತು ಇವರಿಗೆ. ಇನ್ನೊಂದು ಅವಕಾಶ ಕೊಡಿ. ಈ ಸಲ ಪ್ರಾಮಾಣಿಕವಾಗಿ ಆಡ್ತಾರೆ." ಆಮೇಲೆ ಸ್ಪಂಜಪ್ಪನ ಕಡೆ ತಿರುಗಿ ಪಿಸುಗುಟ್ಟಿದರು. "ಗೆಲ್ಲಿ. ಸೋಲಿ ಅಂತ ನಿಮಗೆ ಹೇಳಿದ್ಯಾರು?"

ಮತ್ತೆ ಬೆಟ್ಟ ಸುತ್ತಿದರು. ಈ ಸಲ ಮೇಡಂ ಜೊತೆಗೇ ಬಂದರು. ಸ್ಪಂಜಪ್ಪ ಉಸಿರು ಬಿಗಿಹಿಡಿದು, ಬುಟ್ಟಿಯನ್ನೇ ನೋಡಿ, ಮಣಿಕಟ್ಟನ್ನು ಚಿಲಕದಂತೆ ತಿರುಗಿಸಿದ. ತಟ್ಟೆ ಕಾಲಿನ ಬಳಿಯೇ ಬಿತ್ತು. ಎರಡನೆಯದು ಹಿಂದಕ್ಕೆ ಹಾರಿ ಮ್ಯಾನೇಜರ ಹೊಟ್ಟೆಗೆ ತಾಗಿತು. ಬೆಳಗ್ಗೆ ಬೇಡವೆಂದರೂ ಬುಟ್ಟಿಗೆ ಅಟ್ಟಿದ ಅದೇ ಮರ, ಅದೇ ಗಾಳಿ, ಈಗ ತಟ್ಟೆಯನ್ನು ಕಣಿವೆಗೆ ದಾಟಿಸಿದವು. ಒಂದು ಬುಟ್ಟಿಯ ಹತ್ತಿರವಂತೂ ಕೈ ಚಾಚಿದರೆ ಮುಟ್ಟುವಷ್ಟು ದೂರದಿಂದ ಗುರಿ ತಪ್ಪಿದ. ಕಣ್ಣಲ್ಲಿ ನೀರು ತುಂಬಿತು.

ಮೇಡಂ ಚಪ್ಪಾಳೆ ತಟ್ಟಿದರು. "ಬೆಳಗ್ಗೆ ಕೊನೇಲಿ ಮಾತ್ರ ನಾಟಕ ಆಡಿದ್ರಿ. ಈಗ ಶುರುವಿಂದಲೇ."

"ಇಲ್ಲ ಮೇಡಂ, ಸತ್ಯವಾಗಲೂ ನನಗೆ ಆಡೋಕೇ ಬರಲ್ಲ."

"ಇದನ್ನೂ ನಂಬಬೇಕಾ ನಾನು? ಹೋಗಿಬನ್ನಿ."

ಬೆಟ್ಟ ಇಳಿಯಲು ಮ್ಯಾನೇಜರ್ ಕಾರು ಹೊರಡಿಸಿದರು. ಅರ್ಧ ದಾರಿಯಲ್ಲಿ ಕಾರು ನಿಲ್ಲಿಸಿ, ಸ್ಪಂಜಪ್ಪನ ಮುಖವನ್ನೇ ನೋಡಿ, ಮೆಲ್ಲಗೆ ಕೇಳಿದರು.

"ನಿಜ ಹೇಳಿ. ಎದುರಂಗಡಿಯವರು ನಿಮಗೆ ಏನು ಕೊಡ್ತೀನಿ ಅಂದಿದ್ರು?"