ಮೇಲಿನಿಂದ ಕೆಳಕ್ಕೆ ಕಟ್ಟಿದ ಮೆಟ್ಟಿಲುಗಳು

ನಮ್ಮ ಕಾಕಾ ಕಾಲೇಜಿನಲ್ಲಿದ್ದಾಗ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆ ಹೋಗಿ, ಖಾನಾಪುರ ತಾಲ್ಲೂಕಿನ ಒಂದು ಹಳ್ಳಿಗೆ ಹತ್ತೇ ದಿನಗಳಲ್ಲಿ ರಸ್ತೆ ಮಾಡಿಕೊಟ್ಟರೆಂಬುದು ನಮ್ಮ ಮನೆತನದ ಇತಿಹಾಸ. ಬೆಳಗಾವಿಯ ಸದಾಶಿವನಗರದ ಮನೆಯಲ್ಲಿ ನಾನು ಅದನ್ನು ಊಟದ ಹೊತ್ತಿಗೆ ಕೇಳುತ್ತಲೇ ಬೆಳೆದೆ. ಮೊದಮೊದಲು ಆ ರಸ್ತೆ ಒಂದು ಮೈಲಿ ಇತ್ತು. ನಾನು ಹೈಸ್ಕೂಲು ಸೇರುವಷ್ಟರಲ್ಲಿ ಮೂರು ಮೈಲಿಯಾಗಿ, ನಡುವೆ ಒಂದು ಸೇತುವೆಯೂ ಎದ್ದಿತ್ತು.

"ಕಾಕಾ, ರೋಲರ್ ಯಾರು ತಂದಿದ್ರು?" ಎಂದು ಒಮ್ಮೆ ಕೇಳಿದೆ.

"ನೀ ಮೊದಲ ತಾಟಿನಾಗಿಂದು ಉಣ್ಣು," ಎಂದರು.

ಸೇವೆ ನಡೆದಲ್ಲೆಲ್ಲ ಇಂಥ ಪವಾಡಗಳು ನಡೆಯುತ್ತಲೇ ಇರುತ್ತವೆ ಎಂದು ನನಗೆ ಮನವರಿಕೆಯಾದದ್ದು ಎಂಬತ್ತರ ದಶಕದ ಆರಂಭದಲ್ಲಿ, ನಾನೇ ಸ್ವಯಂಸೇವಕಿಯಾಗಿ ಕಣಕುಂಬಿಯ ಕಡೆಯ ಒಂದು ಹಳ್ಳಿಗೆ ಹತ್ತು ದಿನಗಳ ಶಿಬಿರಕ್ಕೆ ಹೋದಾಗ.

೧. ಮುಟ್ಟಬಾರದ ಕಲ್ಲು

ಆ ಹಳ್ಳಿಗೆ ನೀರು ಕೊಡುತ್ತಿದ್ದದ್ದು ಇಳಿಜಾರಿನ ಬುಡದಲ್ಲಿದ್ದ ಒಂದು ಒರತೆ. ಮಳೆಗಾಲದಲ್ಲಿ ಅಲ್ಲಿಗೆ ಇಳಿಯುವುದೆಂದರೆ ಜಾರುವುದು ಎಂದೇ ಅರ್ಥ. ಊರಿಗೆಲ್ಲ 'ಆಯಿ'ಯಾಗಿದ್ದ ಮುದುಕಿಯೊಬ್ಬಳು ಹಿಂದಿನ ಮಳೆಗಾಲದಲ್ಲಿ ಕೊಡದ ಸಮೇತ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. ಮುಂದಿನ ಮಳೆಯೊಳಗೆ ಅಲ್ಲಿ ಮೆಟ್ಟಿಲು ಕಟ್ಟಿಕೊಡುವುದೇ ನಮ್ಮ ಶಿಬಿರದ ಮುಖ್ಯ ಉದ್ದೇಶ. ಇಳಿಜಾರಿನ ತಲೆಯ ಮೇಲೆ ಕೆಂಪುಕಲ್ಲುಗಳನ್ನು ಅಚ್ಚುಕಟ್ಟಾಗಿ ಒಟ್ಟಲಾಗಿತ್ತು. ಅವುಗಳ ಮೇಲೆ ಪಾಚಿಯೂ ಬೆಳೆದಿತ್ತು.

"ಇವು ಯಾವಾಗ ಬಂದಾವ, ಆಯಿ?"

"ದಸರಾದಾಗ ಬಂದಾವ ಯವ್ವಾ."

ನಾವು ಹೋದದ್ದು ಡಿಸೆಂಬರಿನಲ್ಲಿ. "ಮತ್ತ ಊರವ್ರು ಯಾಕ ಹಚ್ಚಿಲ್ಲ?"

"ಹಚ್ಚಾಕ ಹೋಗಿದ್ವಿ. ಪಂಚಾಯ್ತಿಯವ್ರು ಬ್ಯಾಡ ಅಂದ್ರು. ಬೆಳಗಾವಿ ಕಾಲೇಜಿನವ್ರು ಸೇವಾ ಮಾಡಾಕ ಬರತಾರ, ಅವ್ರಿಗೆ ಕೆಲಸಾ ಇರಬೇಕಲ್ಲ ಅಂದ್ರು."

ನಾವು ಬೆಳಗಾವಿ ಬಿಡುವ ಎರಡು ತಿಂಗಳು ಮೊದಲೇ ನಮ್ಮ ಸೇವೆ ಆ ಊರನ್ನು ಕಾಡಲು ಆರಂಭಿಸಿತ್ತು.

೨. ಕಸದ ಅಭಾವ

ಮೊದಲ ದಿನದ ಕಾರ್ಯಕ್ರಮ ಗ್ರಾಮ ಸ್ವಚ್ಛತೆ. ಬೆಳಗಿನ ಉಪ್ಪಿಟ್ಟು ತಿಂದು, ಹೊಸ ಕಸಬರಿಗೆಗಳನ್ನು ಹಿಡಿದು, ಘೋಷಣೆ ಕೂಗುತ್ತ ನಾವು ಬೀದಿಗಿಳಿದಾಗ ಗಂಟೆ ಒಂಬತ್ತೂವರೆ. ಊರಿನ ಹೆಂಗಸರು ಸೂರ್ಯ ಹುಟ್ಟುವ ಮೊದಲೇ ಅಂಗಳ ಗುಡಿಸಿ, ಸಗಣಿ ಸಾರಿಸಿ, ರಂಗೋಲಿ ಹಾಕಿ, ಗದ್ದೆಯ ಕೆಲಸಕ್ಕೆ ಹೊರಟುಹೋಗಿದ್ದರು. ಗುಡಿಸಬಹುದಾಗಿದ್ದದ್ದು ರಂಗೋಲಿ ಮಾತ್ರ. ಬಾಡಿಗೆಗೆ ಕರೆತಂದಿದ್ದ ಫೋಟೋಗ್ರಾಫರ್ ಕ್ಯಾಮೆರಾ ಹಿಡಿದು ನಿಂತೇ ಇದ್ದ.

ಶಿಬಿರಾಧಿಕಾರಿಗಳಾಗಿದ್ದ ನಮ್ಮ ಸರ್ ಚಿಂತಿತರಾಗಿ, "ಎಲ್ಲೆರ ಒಂದೀಟು ಕಸಾ ಐತೇನ್ರಿ, ಆಯಿ?" ಎಂದರು.

"ನಿನ್ನಿದು ತಿಪ್ಪಿಯೊಳಗ ಐತ್ರಿ. ಬುಟ್ಟ್ಯಾಗ ತಂದು ಹರವ್ಲೇನು?"

ಆಕೆ ಅಂದದ್ದು ಕುಹಕದಿಂದ. ಸರ್ ಅದನ್ನು ಸಹಕಾರವೆಂದು ತಿಳಿದರು. ಎರಡು ಬುಟ್ಟಿ ಬಂತು. ಫೋಟೋ ಚೆನ್ನಾಗಿ ಬಂದಿತ್ತು. ಹಿಂದೆ ಮೂಲೆಯಲ್ಲಿ ಖಾಲಿ ಬುಟ್ಟಿ ಹಿಡಿದು ಆಯಿಯೂ ನಿಂತಿದ್ದಾಳೆ.

೩. ಕಾಡಿಗೆ ಗಿಡ

ಮರುದಿನವಾದರೂ ಮೆಟ್ಟಿಲಿಗೆ ಕೈಹಚ್ಚುತ್ತೇವೆಂದು ನಾನು ಆಯಿಗೆ ಮಾತು ಕೊಟ್ಟಿದ್ದೆ. ಆದರೆ ಟೆಂಪೋದಲ್ಲಿ ನೀಲಗಿರಿ ಸಸಿಗಳು ಬಂದಿಳಿದವು. ಸುತ್ತ ಹಗಲಲ್ಲೇ ಕತ್ತಲೆನಿಸುವ ಕಾಡು. ನಡುವೆ ಸಸಿ ಹಿಡಿದ ನಲವತ್ತು ಮಂದಿ ಸ್ವಯಂಸೇವಕರು. ಅರ್ಧ ದಿನ ಹುಡುಕಿದರೂ ಬಿಸಿಲು ಬೀಳುವ ಜಾಗ ಸಿಗಲಿಲ್ಲ.

"ಇಲ್ಲಿ ಎರಡು ಮರಾ ತಗದ್ರ ಜಾಗಾ ಆಗತೈತಿ," ಎಂದು ಸರ್ ಸೂಚಿಸಿದರು.

ಜೊತೆಗೆ ಬಂದಿದ್ದ ಫಾರೆಸ್ಟ್ ಗಾರ್ಡ್ ನಯವಾಗಿ, "ಸರ್, ಗಿಡಾ ಹಚ್ಚಾಕಂತ ಮರಾ ಕಡದ್ರ ಕೇಸ್ ಹಾಕಬೇಕಾಗತೈತ್ರಿ. ಫಾರ್ಮಿನ್ಯಾಗ ಕಾರಣಾ ಏನಂತ ಬರೀಲಿ, ವನಮಹೋತ್ಸವ ಅಂತನ?" ಎಂದ.

ಸಸಿಗಳನ್ನು ಕೊನೆಗೆ ಶಾಲೆಯ ಅಂಗಳದಲ್ಲಿ ಸಾಲಾಗಿ ನೆಟ್ಟೆವು. ಊರಲ್ಲಿ ಮಕ್ಕಳು ಓಡಾಡಿ ಆಡಲು ಇದ್ದದ್ದು ಅದೊಂದೇ ಬಯಲು.

೪. ಕಾಣುವ ಕೆಲಸ

ಭಾಷಣ, ಮ್ಯಾಜಿಕ್ ಪ್ರದರ್ಶನ, ಹುಡುಗರ ಹುತುತು ಪಂದ್ಯ ಎಲ್ಲ ಮುಗಿದು ಮೆಟ್ಟಿಲಿನ ಸರದಿ ಬಂದದ್ದು ಒಂಬತ್ತನೆಯ ದಿನ. ಸರ್ ಕೆಲಸವನ್ನು ಇಳಿಜಾರಿನ ತುದಿಯಿಂದ ಕೆಳಮುಖವಾಗಿ ಆರಂಭಿಸಿದರು. ಆಯಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಸಾಹೇಬ್ರ, ಪಾವಟಿಗಿ ಬುಡದಿಂದ ಹಚ್ಕೊಂತ ಬರಬೇಕ್ರಿ. ಮ್ಯಾಲಿಂದು ಯಾವುದರ ಮ್ಯಾಲ ಕುಂದರಬೇಕು?"

"ಖರೇ ಐತಿ, ಆಯಿ. ಆದ್ರ ನಾಳೆ ಅತಿಥಿಗಳು ಬಂದು ನಿಂದ್ರೂದು ಮ್ಯಾಲ. ಬುಡದಾಗ ಮಾಡಿದ್ದು ಅವ್ರಿಗೆ ಕಾಣೂದಿಲ್ಲ."

ಸಂಜೆಯೊಳಗೆ ಮೂರು ಮೆಟ್ಟಿಲುಗಳಾದವು. ಮೂರನೆಯದರಿಂದ ಮುಂದಕ್ಕೆ ಕಾಲಿಟ್ಟರೆ ನೇರವಾಗಿ ಒರತೆಯನ್ನೇ ಸೇರುವಂತಿತ್ತು.

"ಹ್ವಾದ ವರ್ಷ ಬರೇ ಜಾರತಿದ್ವಿ," ಎಂದಳು ಆಯಿ. "ಇನ್ನ ಮ್ಯಾಲ ಹಾರಬೇಕು."

೫. ಅಕ್ಷರದ ಉಪಯೋಗ

ಸಮಾರೋಪಕ್ಕೆ ದೊಡ್ಡ ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದರು. ಅವರ ಹೆಸರು, ಹುದ್ದೆ, ಪದವಿಗಳನ್ನೆಲ್ಲ ಆಳವಾಗಿ ಕೆತ್ತಿದ್ದ ಕರಿಕಲ್ಲಿನ ಫಲಕವೊಂದು ಅವರಿಗಿಂತ ಮೊದಲೇ ಬೆಳಗಾವಿಯಿಂದ ಬಂದಿತ್ತು. ಫಲಕ ನಮ್ಮ ಮೂರೂ ಮೆಟ್ಟಿಲುಗಳಿಗಿಂತ ಗಟ್ಟಿಯಾಗಿತ್ತು. ಅವರು ಟೇಪು ಕತ್ತರಿಸಿ, ಮೊದಲ ಮೆಟ್ಟಿಲಿನ ಮೇಲೆ ನಿಂತು, ಯುವಶಕ್ತಿಯನ್ನು ಹೊಗಳಿ, ಅಲ್ಲಿಂದಲೇ ಹಿಂದಿರುಗಿದರು. ಆಯಿ ತನ್ನ ಮಣಿಕಟ್ಟನ್ನು ನೀವಿಕೊಳ್ಳುತ್ತ ನಿಂತಿದ್ದಳು.

ಶಿಬಿರದ ವರದಿ ಬರೆಯುವ ಹೊಣೆ ನನ್ನದಾಗಿತ್ತು. "ಒರತೆಯವರೆಗೆ ಮೆಟ್ಟಿಲುಗಳ ನಿರ್ಮಾಣ ಪೂರ್ಣಗೊಂಡಿದೆ" ಎಂದು ಸರ್ ಹೇಳಿ ಬರೆಸಿದರು, ನಾನು ಬರೆದೆ. ಅಲ್ಪವಿರಾಮವನ್ನೂ ಎರಡು ಸಲ ನೋಡುವ ನನ್ನನ್ನು ಆ ಒಂದು ವಾಕ್ಯ ಐದು ತಿಂಗಳು ನಿದ್ದೆಗೆಡಿಸಿತು. ಮಳೆ ಹಿಡಿಯುವ ಮೊದಲು ಒಂದು ಭಾನುವಾರ, ಯಾರಿಗೂ ಹೇಳದೆ ಬಸ್ಸು ಹತ್ತಿದೆ.

ಮೆಟ್ಟಿಲುಗಳಿದ್ದವು. ಬುಡದಿಂದ ತಲೆಯವರೆಗೆ, ಗದ್ದೆಯಲ್ಲಿ ಕುಡುಗೋಲು ಹಿಡಿಯುವ ಕೈಗಳೇ ಜೋಡಿಸಿದವೆಂದು ಹೇಳುವಂತೆ, ಒಂದೂ ಅಲುಗದ ಇಪ್ಪತ್ತಾರು ಮೆಟ್ಟಿಲುಗಳು. ಆಯಿ ಕೆಳಗೆ ಒರತೆಯ ಬಳಿ ಬಟ್ಟೆ ಒಗೆಯುತ್ತಿದ್ದಳು.

"ಯಾವಾಗ ಕಟ್ಟಿದ್ರಿ, ಆಯಿ?"

"ನೀವು ಹ್ವಾದ ಮರುದಿನಾನ ಸುರು ಮಾಡಿದ್ವಿ. ನಿಮ್ಮ ಮೂರು ಕೀಳಾಕನ ಒಂದು ದಿನಾ ಹಿಡೀತು. ಇಲ್ಲಂದ್ರ ಎರಡ ದಿನದ ಕೆಲಸ."

ಆಕೆ ಒಗೆಯುತ್ತಿದ್ದದ್ದು ಆ ಕರಿಕಲ್ಲಿನ ಫಲಕದ ಮೇಲೆ. ಅದನ್ನು ಅಕ್ಷರವಿದ್ದ ಬದಿಯೇ ಮೇಲೆ ಬರುವಂತೆ ಹಾಸಿದ್ದರು.

"ಅಲ್ಲ ಆಯಿ, ನುಣ್ಣನ ಬಾಜೂ ಮ್ಯಾಲ ಮಾಡಬೇಕಿತ್ತಲ್ಲ?"

"ಮಾಡಿ ನೋಡಿದ್ವಿ ಯವ್ವಾ. ನುಣ್ಣನ ಬಾಜೂ ಹೊಲಸು ಹೋಗೂದಿಲ್ಲ. ಸಾಹೇಬ್ರ ಹೆಸರಿನ ಮ್ಯಾಲ ತಿಕ್ಕಿದ್ರ ಚಲೋ ಹೋಗತೈತಿ. ಅದರಾಗೂ ಅವ್ರ ಡಿಗ್ರಿ ಬರದಾರಲ್ಲ, ಅಲ್ಲಿ ಇನ್ನೂ ಚಲೋ."

ಯಾರು ಏನು ಹೇಳಿದರೂ ನಂಬಿಬಿಡುವ ಸ್ವಭಾವ ನನ್ನದಲ್ಲ. ಬಸ್ಸಿನ ಕೆಂಪು ಧೂಳು ಹಿಡಿದಿದ್ದ ನನ್ನ ಬಿಳಿ ಕರ್ಚೀಫನ್ನು ಒದ್ದೆಮಾಡಿ, ಅರ್ಧವನ್ನು ಹೆಸರಿನ ಮೇಲೂ ಉಳಿದರ್ಧವನ್ನು ಡಿಗ್ರಿಯ ಮೇಲೂ ತಿಕ್ಕಿ ನೋಡಿದೆ. ಡಿಗ್ರಿಯ ಮೇಲೆ ತಿಕ್ಕಿದ ಅರ್ಧವೇ ಹೆಚ್ಚು ಬೆಳ್ಳಗಾಗಿತ್ತು.