ಈರುಳ್ಳಿ ಮಂಡಿ ಯಜಮಾನರು ದೇಶ ಬಿಟ್ಟದ್ದು

ರೈಲ್ವೆ ಸ್ಟೇಷನ್ನಿನ ಟಿಕೆಟ್ ಕಿಟಕಿಯ ಹಿಂದೆ ಕೂತವನು ತಮಾಷೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಬಂದು ಕಿಟಕಿಯೊಳಗೆ ಕೈ ಹಾಕುತ್ತದೆ. ನನ್ನನ್ನು ಇಲಾಖೆಯವರು ಕಡೂರಿನಿಂದ ಅಜ್ಜಂಪುರಕ್ಕೆ, ಅಜ್ಜಂಪುರದಿಂದ ತರೀಕೆರೆಗೆ, ಅಲ್ಲಿಂದ ಮತ್ತೆ ಅಜ್ಜಂಪುರಕ್ಕೆ ಎತ್ತಿಹಾಕುತ್ತಲೇ ಇದ್ದರು. ಎಲ್ಲಿಗೆ ಹೋದರೂ ಎರಡು ಸಂಗತಿ ತಪ್ಪಲಿಲ್ಲ. ಒಂದು, ರೈಲು ತಡವಾಗಿ ಬರುವುದು. ಇನ್ನೊಂದು, ಬರುವ ತನಕ ಜನ ದಿಲ್ಲಿಯನ್ನು ಬೈಯುವುದು. ರೈಲು ಹೊತ್ತಿಗೆ ಸರಿಯಾಗಿ ಬಂದಿದ್ದರೆ ನಮ್ಮ ಸೀಮೆಯಲ್ಲಿ ರಾಜಕೀಯ ಇಷ್ಟು ಬೆಳೆಯುತ್ತಿರಲಿಲ್ಲ ಎಂದು ನನಗೆ ಈಗಲೂ ಗುಮಾನಿ.

ಆ ಬೈಯುವವರಲ್ಲಿ ಅಗ್ರಗಣ್ಯರು ಅಜ್ಜಂಪುರದ ಈರುಳ್ಳಿ ಮಂಡಿಯ ಯಜಮಾನರು. ನಾನು ಹೇಳಹೊರಟಿರುವುದೆಲ್ಲ ಅವರ ಮತ್ತು ಅವರ ಮನೆಯವರ ಸಮಾಚಾರ.

ಮಳೆ ಹೇಗಿದೆ

ಯಜಮಾನರನ್ನು ನಾನು ಮೊದಲು ಕಂಡದ್ದು ಕಡೂರಿನಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ. ವ್ಯಾಪಾರಕ್ಕೆಂದು ಕಡೂರಿಗೆ ಬಂದವರು ಸಂಜೆಯ ರೈಲಿಗೆ ಕಾಯುತ್ತ ಕೂರುತ್ತಿದ್ದರು. ಹರಾಜು ಕೂಗಿ ಕೂಗಿ ಪಳಗಿದ ಗಂಟಲು. ಹಿಂದೆಲ್ಲ ಅವರು ಬಂದು ಕೂತರೆ ಮಂತ್ರಿಗಳ ವಂಶಾವಳಿಯೆಲ್ಲ ಹೊರಗೆ ಬರುತ್ತಿತ್ತಂತೆ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಆ ಗಂಟಲು ಅಡಿಕೆ ಅಗಿಯುವುದಕ್ಕೆ ಮಾತ್ರ ಉಳಿದಿತ್ತು. ಯಾರು ಎಲ್ಲಿ ಕೇಳಿಸಿಕೊಂಡು ಯಾರಿಗೆ ಹೇಳುತ್ತಾರೋ ಎಂಬ ಭಯ ಎಲ್ಲರಿಗೂ ಇತ್ತು. ಅದರಲ್ಲೂ ರೈಲುಗಳೆಲ್ಲ ಹೊತ್ತಿಗೆ ಸರಿಯಾಗಿ ಓಡುತ್ತಿವೆ ಎಂದು ಸರ್ಕಾರವೇ ಸಾರುತ್ತಿದ್ದ ದಿನಗಳವು.

ಒಂದು ದಿನ ರೈಲು ವಿಪರೀತ ತಡವಾಯಿತು. ಯಜಮಾನರು ಎದ್ದು ಬಂದು, ಆ ಕಡೆ ಈ ಕಡೆ ನೋಡಿ, ಕಿಟಕಿಯ ತೂತಿಗೆ ಬಾಯಿ ತಂದು ಪಿಸುಗುಟ್ಟಿದರು.

"ರೈಲು ಲೇಟಾ?"

ನಾನು ಹೊಸಬ. ಹೌದು, ಬಹಳ ಲೇಟು ಎಂದು ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟೆ. ಅವರು ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದರು. "ನಾನದನ್ನ ಕೇಳ್ಲಿಲ್ಲ ಕಣಪ್ಪಾ. ಮಳೆ ಹೆಂಗೈತೆ ಅಂತ ಕೇಳ್ದೆ" ಎಂದು ಗೋಡೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

ಹೊರಗೆ ಕಡು ಬೇಸಿಗೆಯ ಬಿಸಿಲು. ಮಳೆ ಚೆನ್ನಾಗಿದೆ ಯಜಮಾನರೇ ಎಂದೆ. ಬೆಂಚುಗಳ ಮೇಲಿದ್ದವರಲ್ಲಿ ಒಬ್ಬರೂ ನಗಲಿಲ್ಲ. ಒಬ್ಬಾತ ಮಾತ್ರ, ಕೊಡೆ ತರುವುದು ಮರೆತೆನಲ್ಲ ಎಂದು ಪೇಚಾಡಿಕೊಂಡ.

ನೇಪಾಳಕ್ಕೆ ಎರಡು

ಚುನಾವಣೆಯಾಯಿತು. ಎಲ್ಲರ ಬಾಯಿಗೂ ಹಾಕಿದ್ದ ಬೀಗ ಕಳಚಿತು. ಅಷ್ಟರಲ್ಲಿ ನನಗೆ ಅಜ್ಜಂಪುರಕ್ಕೆ ವರ್ಗವಾಗಿತ್ತು. ಪೇಪರಿನ ಕಟ್ಟು ಬೆಳಗಿನ ರೈಲಿಗೆ ಬಂದು ಬೀಳುತ್ತಿತ್ತು. ಅದು ಊರೊಳಕ್ಕೆ ಬರುವವರೆಗೂ ತಾಳಲಾರದೆ ಯಜಮಾನರು ಸ್ಟೇಷನ್ನಿಗೇ ಬಂದು, ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು, ಗಟ್ಟಿಯಾಗಿ ಓದಿ, ಅದಕ್ಕಿಂತ ಗಟ್ಟಿಯಾಗಿ ಬೈಯುತ್ತಿದ್ದರು. ಹೊಸ ಸರ್ಕಾರ ಬಂದಾಗ ಮಂಡಿಯಲ್ಲಿ ಮೈಸೂರುಪಾಕು ಹಂಚಿದ ಮನುಷ್ಯ. ಆ ಸರ್ಕಾರದವರು ಒಬ್ಬರ ಜುಟ್ಟು ಒಬ್ಬರು ಹಿಡಿದುಕೊಂಡರು. ಸರ್ಕಾರ ಬಿತ್ತು. ಆಮೇಲೆ ಇನ್ನೊಂದು ಎದ್ದಿತು. ಅದು ಲೋಕಸಭೆಗೆ ಮುಖ ತೋರಿಸುವ ಮೊದಲೇ ಮಲಗಿತು. ಹಳೆಯವರು ಹೋಗಲೊಲ್ಲರು, ಹೊಸಬರು ಒಟ್ಟುಗೂಡಲೊಲ್ಲರು.

ಯಜಮಾನರಿಗೆ ನಿಜವಾಗಿಯೂ ನೋವಾಗಿತ್ತು. ಅವತ್ತು ಅವರು ಬೈಯಲಿಲ್ಲ. ಪೇಪರನ್ನು ಮಡಿಸಿ ಪಕ್ಕಕ್ಕಿಟ್ಟು, ಪ್ಲಾಟ್‌ಫಾರಮ್ಮಿನಲ್ಲಿ ಇದ್ದವರಿಗೆಲ್ಲ ಕೇಳುವಂತೆ ಹೇಳಿದರು. "ನಾ ಇನ್ನು ಈ ದೇಶದಾಗಿರಾಕಿಲ್ಲ. ನೇಪಾಳಕ್ಕೆ ಹೋಗ್ತೀನಿ. ಅಲ್ಲಿ ರಾಜ ಅವ್ನೆ. ಬೀಳೋ ಸರ್ಕಾರವೇ ಇಲ್ಲ."

ನೇಪಾಳವೇ ಯಾಕೆಂದರೆ, ಅಲ್ಲಿಗೆ ಹೋಗಲು ಪಾಸ್‌ಪೋರ್ಟ್ ಬೇಡವೆಂದು ನಮ್ಮ ಸ್ಟೇಷನ್ ಮಾಸ್ತರು ಹಿಂದೊಮ್ಮೆ ಹೇಳಿದ್ದರು. ಮಂಡಿ ವ್ಯಾಪಾರ ನಡೆಯುವುದೇ ಬಾಯಿಮಾತಿನ ಮೇಲೆ. ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡರೆ ನಾಳೆ ಅಂಗಡಿಗೆ ಮೂಟೆ ಇಳಿಸುವವರು ಯಾರು? ನೆಟ್ಟಗೆ ಕಿಟಕಿಗೆ ಬಂದರು.

ನಾನು ದಪ್ಪ ಪುಸ್ತಕ ತೆಗೆದು ನೋಡಿದೆ. ನೇಪಾಳಕ್ಕೆ ನಮ್ಮ ರೈಲಿಲ್ಲ, ಗಡಿಯ ಊರಿನವರೆಗೆ ಟಿಕೆಟ್ ಕೊಡಬಹುದು, ಆಚೆಗೆ ಬಸ್ಸು ಎಂದೆ. ಸುಮ್ಮನಿರಲಾರದೆ, ಕಾಶಿಯ ಮೇಲೆ ಹಾದು ಹೋಗಬಹುದು ಎಂದೂ ಸೇರಿಸಿದೆ.

ಅವರ ಮನೆಯವರು ಅಲ್ಲೇ ನಿಂತಿದ್ದರು. ಅವತ್ತು ತವರಿಗೆ, ಅಂದರೆ ತರೀಕೆರೆಗೆ, ಹೊರಟವರು. ಮದುವೆಯಾದಾಗಿನಿಂದ ಆಕೆ ಕೇಳಿದ್ದು ಒಂದೇ, ಕಾಶಿಗೆ ಕರೆದುಕೊಂಡು ಹೋಗಿ ಅಂತ. ಯಜಮಾನರು ಹೇಳಿದ್ದೂ ಒಂದೇ, ಈರುಳ್ಳಿ ಸುಗ್ಗಿ ಮುಗೀಲಿ ಅಂತ. ಸುಗ್ಗಿ ಪ್ರತಿವರ್ಷ ಮುಗಿಯುತ್ತಿತ್ತು, ಅಷ್ಟರಲ್ಲಿ ಇನ್ನೊಂದು ಬಿತ್ತನೆ ಬರುತ್ತಿತ್ತು. ಕಾಶಿ ಎಂಬ ಮಾತು ಕಿವಿಗೆ ಬಿದ್ದದ್ದೇ ಆಕೆ ಗಂಟನ್ನು ಕೆಳಗಿಟ್ಟು ಹತ್ತಿರ ಬಂದರು. ದೇಶ ಬಿಡುವುದಾದರೆ ಇಬ್ಬರೂ ಬಿಡೋಣ ಎಂದರು. ಅಷ್ಟು ಜನರ ಮುಂದೆ ಯಜಮಾನರು ಇಲ್ಲವೆನ್ನಲಾರದೆ ಹೋದರು.

ಬರೀ ಹೋಗುವುದಕ್ಕೋ, ಹೋಗಿ ಬರುವುದಕ್ಕೋ ಎಂದು ಕೇಳಿದೆ. ಯಜಮಾನರು ಪ್ಲಾಟ್‌ಫಾರಮ್ಮಿನ ಜನರನ್ನೊಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು, ಬರೀ ಹೋಗುವುದಕ್ಕೆ ಎಂದರು.

ಆಕೆ ಕಿಟಕಿಗೆ ಬಗ್ಗಿದರು. "ಹೋಗಿ ಬರೋದಕ್ಕೇ ಕೊಡಪ್ಪಾ. ದೇಶ ಬಿಡ್ಬೋದು, ಈರುಳ್ಳಿ ಬಿಡಾಕಾಗ್ತದಾ?"

ಪಾದಕ್ಕೆ ಬಿದ್ದವರು

ಆಕೆ ಅಕ್ಕಪಕ್ಕದವರಿಗೆ ಹೇಳಿದ್ದು ಇಷ್ಟೇ: ಕಾಶಿಗೆ ಹೋಗುತ್ತಿದ್ದೇವೆ, ಹಾಗೇ ಪಶುಪತಿನಾಥನ ದರ್ಶನ ಮಾಡಿಕೊಂಡು ಬರುತ್ತೇವೆ. ಇದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಮಾರನೆಯ ದಿನದಿಂದ ಮಂಡಿಯ ಮುಂದೆ ಜನ ಹಣ್ಣುಕಾಯಿ ಹಿಡಿದುಕೊಂಡು ನಿಲ್ಲತೊಡಗಿದರು. ಕಾಶಿಗೆ ಹೊರಟವರ ಪಾದ ಮುಟ್ಟಿದರೆ ಅರ್ಧ ಪುಣ್ಯ ತಮಗೂ ಬರುತ್ತದೆಂದು ನಮ್ಮ ಕಡೆಯ ನಂಬಿಕೆ. ದಿಲ್ಲಿಯ ಮೇಲೆ ಮುನಿದು ಹೊರಟ ಯಜಮಾನರ ಕಾಲು ಬೆಳಗಿನಿಂದ ಸಂಜೆಯವರೆಗೆ ಕುಂಕುಮವಾಯಿತು.

ಯಗಟಿ ಕಡೆಯ ರೈತನೊಬ್ಬ ಬಂದು ಅಡ್ಡಬಿದ್ದ. ಯಜಮಾನರಿಗೆ ಸಾಕಾಗಿಹೋಗಿತ್ತು. "ನಾನು ಯಾತ್ರೆಗೆ ಹೋಗ್ತಿಲ್ಲ ಕಣಯ್ಯಾ. ಬೇಜಾರಾಗಿ ದೇಶ ಬಿಟ್ಟು ಹೋಗ್ತಿದೀನಿ" ಎಂದರು.

ಆತ ಎದ್ದು ನಿಂತು ಕೈಮುಗಿದ. "ಬೇಜಾರಾಗ್ದೆ ಕಾಶಿಗೆ ಯಾರು ಹೋಗ್ತಾರೆ ಸ್ವಾಮೀ" ಎಂದು ಇನ್ನೊಂದು ಸಲ ಅಡ್ಡಬಿದ್ದ.

ಮಠದಿಂದ ವಿಭೂತಿ ಮತ್ತು ಶಾಲು ಬಂದವು. ಸ್ವಾಮಿಗಳ ಅಪ್ಪಣೆಯೂ ಆದಮೇಲೆ ತಪ್ಪಿಸಿಕೊಳ್ಳಲು ದಾರಿ ಎಲ್ಲಿದೆ? ಹೊರಡುವ ದಿನವಾದರೂ ನಾಲ್ಕು ಮಾತು ಹೇಳಿಯೇ ಹೋಗಬೇಕೆಂದು ಯಜಮಾನರು ಒಂದು ಭಾಷಣ ಸಿದ್ಧಮಾಡಿಕೊಂಡಿದ್ದರು. ಈ ದೇಶವನ್ನು ನಾನೇಕೆ ತೊರೆಯುತ್ತಿದ್ದೇನೆ ಎಂದು ಶುರುವಾಗುವ ಭಾಷಣ. ನನ್ನ ಮುಂದೆ ಒಂದು ಸಲ ಒಪ್ಪಿಸಿದ್ದರು, ಚೆನ್ನಾಗಿತ್ತು. ಹಾರ ಹಾಕಿಕೊಂಡು ಸ್ಟೇಷನ್ನಿನ ಬೆಂಚು ಹತ್ತಿ ನಿಂತರು. ಬಾಯಿ ತೆರೆಯುವುದಕ್ಕೂ ಬೀಳ್ಕೊಡಲು ಬಂದವರ ವಾಲಗ ಶುರುವಾಗುವುದಕ್ಕೂ ಸರಿಹೋಯಿತು. ನಿಲ್ಲಿಸಿ ಎಂದು ಅವರು ಕೈಯೆತ್ತಿದರು. ಆಶೀರ್ವಾದ ಮಾಡುತ್ತಿದ್ದಾರೆಂದು ಇಡೀ ಪ್ಲಾಟ್‌ಫಾರಂ ತಲೆ ಬಗ್ಗಿಸಿತು. ಇನ್ನಷ್ಟು ಸಿಟ್ಟಿನಿಂದ ಎರಡೂ ಕೈ ಎತ್ತಿದರು. ಹಿಂದೆ ನಿಂತಿದ್ದವರೂ ಬಗ್ಗಿಸಿದರು.

ಕಾಶಿಯಲ್ಲಿ ಬಿಟ್ಟದ್ದು

ಅವರು ತಿರುಗಿ ಬರುವಷ್ಟರಲ್ಲಿ ನನಗೆ ತರೀಕೆರೆಗೆ ವರ್ಗವಾಗಿತ್ತು. ಆಕೆಯ ತವರಿನಲ್ಲಿ ಕಾಶಿ ಸಮಾರಾಧನೆ ಇಟ್ಟುಕೊಂಡು ನನ್ನನ್ನೂ ಊಟಕ್ಕೆ ಕರೆದರು. ಕೈಗೆ ಕಾಶಿದಾರ ಕಟ್ಟಿದರು. ಯಜಮಾನರು ಜಗಲಿಯ ಮೇಲೆ ಕಂಬಕ್ಕೊರಗಿ ಕೂತಿದ್ದರು. ನೇಪಾಳ ಹೇಗಿತ್ತು, ಯಾಕೆ ಅಲ್ಲೇ ನಿಲ್ಲಲಿಲ್ಲ ಎಂದು ಛೇಡಿಸಿದೆ. ಅವರು ನಗಲಿಲ್ಲ.

ಕಠ್ಮಂಡುವಿನಲ್ಲಿ ಛತ್ರದ ಎದುರಿಗೆ ಒಂದು ಚಹದ ಅಂಗಡಿಯಿತ್ತಂತೆ. ಯಜಮಾನರು ಮಂಡಿಯಲ್ಲಿ ಕಲಿತ ಹಿಂದಿಯಲ್ಲಿ ಅಭ್ಯಾಸಬಲದಿಂದ ದಿಲ್ಲಿಯನ್ನು ಬೈಯಲು ಶುರುಮಾಡಿದರಂತೆ. ಅಂಗಡಿಯವನು ಬಾಗಿಲು ಅರ್ಧ ಮುಂದೆ ಮಾಡಿ, ನಿಮ್ಮೂರಿನಲ್ಲಿ ಹೀಗೆ ಗಟ್ಟಿಯಾಗಿ ಮಾತಾಡಬಹುದೇ ಎಂದು ಕೇಳಿದನಂತೆ. ಇವರು, ಅದಕ್ಕೇನು, ಸ್ಟೇಷನ್ನಿನಲ್ಲಿ ಕೂತೇ ಬೈಯುತ್ತೇನೆ ಎಂದರಂತೆ. ನಿಮ್ಮ ಸರ್ಕಾರ ಬಿತ್ತಲ್ಲ, ಎಷ್ಟು ಜನ ಸತ್ತರು ಎಂದು ಕೇಳಿದನಂತೆ. ಯಾರೂ ಸಾಯಲಿಲ್ಲ, ಕುರ್ಚಿ ಬಿಟ್ಟು ಮನೆಗೆ ಹೋದರು, ಇನ್ನು ನಾವು ಓಟು ಹಾಕಬೇಕು ಎಂದರಂತೆ. ಆತ ಇನ್ನೊಂದು ಲೋಟ ಚಹ ತಂದು ಮುಂದಿಟ್ಟು, ನಿಮ್ಮೂರಿನಲ್ಲಿ ಒಂದು ಚಹದ ಅಂಗಡಿ ಇಟ್ಟರೆ ನಡೆದೀತೇ ಎಂದು ವಿಚಾರಿಸಿದನಂತೆ.

"ಅಷ್ಟೊತ್ಗೆ ಯಾರೋ ಗುರ್ತಿಲ್ದೋನು ಒಳಗ್ ಬಂದ" ಎಂದು ಯಜಮಾನರು ದನಿ ತಗ್ಗಿಸಿದರು. "ಇವ್ನು ತಟ್ನೆ ನನ್ ಕಡೆ ತಿರುಗಿ ಗಟ್ಟಿಯಾಗಿ ಕೇಳ್ದ, ನಿಮ್ ಕಡೆ ಮಳೆ ಹೆಂಗೈತೆ ಅಂತ. ನಂಗೆ ಕಡೂರು ಸ್ಟೇಷನ್ ನೆಪ್ಪಾಯ್ತು ಕಣಪ್ಪಾ."

ಅವರು ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. ಬೀಳದ ಸರ್ಕಾರ ಹುಡುಕಿಕೊಂಡು ಹೋದವರು, ಬೀಳುವುದು ಎಷ್ಟು ದೊಡ್ಡ ಸೌಭಾಗ್ಯ ಎಂದು ತಿಳಿದುಕೊಂಡು ಬಂದಿದ್ದರು. ಇನ್ನು ಮೇಲೆ ದೇಶ ಬಿಡುವ ಮಾತು ಆಡುವುದಿಲ್ಲ, ಏನಾದರೂ ಆಗಲಿ ಇದು ನಮ್ಮದೇ ಎಂದರು.

ಮಾತು ಬದಲಿಸಲು, ಕಾಶಿಯಲ್ಲಿ ಏನು ಬಿಟ್ಟಿರಿ ಎಂದು ಕೇಳಿದೆ. ಕಾಶಿಗೆ ಹೋದವರು ತಮಗೆ ಪ್ರಿಯವಾದದ್ದು ಒಂದನ್ನು ಅಲ್ಲಿ ಬಿಟ್ಟು ಬರಬೇಕಲ್ಲ. ಯಜಮಾನರು ಗಂಗೆಯಲ್ಲಿ ನಿಂತು, ರಾಜಕೀಯದ ಮಾತನ್ನು ಬಿಟ್ಟೆ ಎನ್ನಲು ಬೊಗಸೆ ಎತ್ತಿದ್ದರಂತೆ. ಮನೆಯವರು ತೋಳು ಹಿಡಿದು ತಡೆದು, ಅದು ಬೇಡ, ಹಾಗಲಕಾಯಿ ಬಿಡಿ ಎಂದರಂತೆ. ಹಾಗಲಕಾಯಿಯನ್ನು ಯಜಮಾನರು ಹುಟ್ಟಿದಾಗಿನಿಂದ ಬಾಯಿಗಿಟ್ಟವರಲ್ಲ.

ಇದ್ಯಾಕಮ್ಮಾ ಹೀಗೆ ಮಾಡಿದಿರಿ, ಬಿಟ್ಟಿದ್ದರೆ ಮನೆಯಲ್ಲಿ ನೆಮ್ಮದಿಯಾದರೂ ಇರುತ್ತಿತ್ತಲ್ಲ ಎಂದೆ. ಆಕೆ ದೇವರಮನೆಯ ಕಡೆ ನೋಡಿದರು. ಅಲ್ಲಿ ಬಾಯಿಗೆ ಬೆಸುಗೆ ಹಾಕಿದ ಗಂಗೆಯ ತಂಬಿಗೆ ಇತ್ತು. ಆ ನೀರನ್ನು ರಾಮೇಶ್ವರಕ್ಕೆ ಒಯ್ದು ಲಿಂಗಕ್ಕೆ ಎರೆದರೇ ಕಾಶಿಯಾತ್ರೆ ಪೂರ್ತಿಯಾಗುವುದು. ರಾಮೇಶ್ವರಕ್ಕೆ ಯಾವಾಗ ಎಂದು ಯಜಮಾನರನ್ನು ಕೇಳಿದೆ. ಈರುಳ್ಳಿ ಸುಗ್ಗಿ ಮುಗೀಲಿ ಎಂದರು.

ಗಟ್ಟಿ ಸರ್ಕಾರ

ನಾನು ಮತ್ತೆ ಅಜ್ಜಂಪುರಕ್ಕೆ ಬಂದಾಗ ದಿಲ್ಲಿಯಲ್ಲಿ ಭಾರಿ ಬಹುಮತದ ಸರ್ಕಾರ ಕೂತಿತ್ತು. ಅಲುಗಾಡಿಸಿದರೂ ಅಲುಗುವಂತಿರಲಿಲ್ಲ. ಯಜಮಾನರು ಬೆಂಚಿನ ಮೇಲೆ ಪೇಪರು ಓದುತ್ತಿದ್ದರು, ಸಣ್ಣಪುಟ್ಟದಾಗಿ ಬೈಯುತ್ತಿದ್ದರು, ಮಂಡಿಗೆ ಹೋಗುತ್ತಿದ್ದರು. ಗಂಗೆಯ ತಂಬಿಗೆ ಅಜ್ಜಂಪುರದ ಮನೆಯ ದೇವರಮನೆಯಲ್ಲಿ ಹಾಗೇ ಇತ್ತು.

ಆಕೆ ತವರಿಗೆ ಹೊರಟಾಗಲೆಲ್ಲ ಕಿಟಕಿಗೆ ಬಂದು, ಡೆಲ್ಲಿ ಸರ್ಕಾರ ಹೆಂಗೈತಪ್ಪಾ ಎಂದು ವಿಚಾರಿಸುವರು. ಗಟ್ಟಿಯಾಗಿದೆ ಅಮ್ಮಾ ಎನ್ನುವೆ. ಆಕೆಯ ಮುಖ ಬಾಡುವುದು. ಬೀಳೋ ಹಂಗೇನೂ ಕಾಣಲ್ವಾ ಎನ್ನುವರು. ಇಲ್ಲ ಎನ್ನುವೆ. ಒಂದು ಸಲ ಬೆಂಚು ಹಿಡಿದು ಕಷ್ಟಪಟ್ಟು ಎದ್ದವರು, ಕಾಲು ನೀವಿಕೊಳ್ಳುತ್ತ ಹೇಳಿದರು. "ನನ್ ಕಾಲು ಗಟ್ಟಿ ಇರೋವಾಗ್ಲೇ ಬಿದ್ದಿದ್ರೆ ಚೆಂದಿತ್ತು."

ನಾನು ಸರ್ಕಾರಿ ನೌಕರ. ಆದರೂ ಅವತ್ತು ಮನಸ್ಸಿನಲ್ಲೇ ಸರ್ಕಾರ ಬೀಳಲಿ ಎಂದು ಬೇಡಿಕೊಂಡೆ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಚುನಾವಣೆ ಬಂತು. ಯಾರಿಗೂ ಬಹುಮತವಿಲ್ಲ. ಇವರು ಅವರನ್ನು ಹಿಡಿದುಕೊಳ್ಳುವುದು, ಅವರು ಇವರನ್ನು ಹೊರಗಿನಿಂದ ಎತ್ತಿಹಿಡಿಯುವುದು ಎಂದು ಪೇಪರಿನ ತುಂಬ ಅದೇ. ಆಕೆ ಅವತ್ತು ತವರಿಗೆ ಹೊರಟಿರಲಿಲ್ಲ, ಆದರೂ ಕೈಯಲ್ಲಿ ಚೀಲ ಹಿಡಿದು ಬಂದು ಯಜಮಾನರ ಪಕ್ಕದಲ್ಲಿ ಕೂತರು. ಓದಿ ಹೇಳ್ರಿ ಎಂದರು. ಯಜಮಾನರು ಓದಿದರು. ಹೋದ ಸಲ ಬೀಳಿಸಿದವರೇ ಇವರೂ ಅಲ್ವಾ ಎಂದು ಆಕೆ ಕೇಳಿದರು. ಯಜಮಾನರ ದನಿ ಏರಿತು. ಆಕೆ, ಇನ್ನೂ ಸ್ವಲ್ಪ ಓದ್ರಿ ಎಂದರು. ಅರ್ಧ ಪುಟ ಮುಗಿಯುವಷ್ಟರಲ್ಲಿ ಯಜಮಾನರು ಎದ್ದು ನಿಂತು, ಇನ್ನು ಈ ದೇಶದಾಗೆ ಇರಾಕಿಲ್ಲ ಎಂದೇಬಿಟ್ಟರು.

ಆ ಮಾತು ಮುಗಿಯುವುದರೊಳಗೆ ಆಕೆ ಕುಂಟುತ್ತ ಕಿಟಕಿಯ ಹತ್ತಿರ ಬಂದಾಗಿತ್ತು. ರಾಮೇಶ್ವರಕ್ಕೆ ಎರಡು ಕೊಡಪ್ಪಾ, ಇವರು ಲಂಕೆಗೆ ಹೊರಟವ್ರೆ ಎಂದರು.

ಅಮ್ಮಾ, ಲಂಕೆಯಲ್ಲಿ ಯುದ್ಧ ನಡೆಯುತ್ತಿದೆ, ಅಲ್ಲಿಗೆ ದೋಣಿಯೇ ಹೋಗುವುದಿಲ್ಲ, ರಾಮೇಶ್ವರದಲ್ಲೇ ಇಳಿದು ತಿರುಗಿ ಬರಬೇಕಾಗುತ್ತದೆ ಎಂದೆ. ಆಕೆ ಚೀಲದಿಂದ ಗಂಗೆಯ ತಂಬಿಗೆ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟರು.

"ಮೆತ್ತಗೆ ಮಾತಾಡಪ್ಪಾ. ಅದು ಅವ್ರಿಗೆ ಅಲ್ಲಿಗೆ ಹೋದ್ಮೇಲೆ ಗೊತ್ತಾಗ್ಲಿ."

ನಾನು ದನಿ ತಗ್ಗಿಸಿ, ಬರೀ ಹೋಗುವುದಕ್ಕೋ, ಹೋಗಿ ಬರುವುದಕ್ಕೋ ಎಂದು ಕೇಳಿದೆ. ಉತ್ತರ ಬಂದದ್ದು ಬೆಂಚಿನಿಂದ. ಯಜಮಾನರು ಮತ್ತೆ ಕೂತು, ಪೇಪರಿನಿಂದ ಮುಖ ಎತ್ತದೆಯೇ ಹೇಳಿದರು.

"ಹೋಗಿ ಬರೋದಕ್ಕೇ ತಗೋ ಕಣೇ. ದೇಶ ಬಿಡ್ಬೋದು, ಈರುಳ್ಳಿ ಬಿಡಾಕಾಗ್ತದಾ?"