ಆನೆ ನಮ್ಮೋರೇ ಕಣೇ

ಕಾರ್ಟೂನ್ ಸಿನಿಮಾದ ಪ್ರಾಣಿಗಳು ಯಾವ ಜಾತಿಯವು ಎಂದು ಒಂದೇ ನೋಟಕ್ಕೆ ಹೇಳಬಲ್ಲವರು ಇಡೀ ಮೈಸೂರಿನಲ್ಲಿ ನಮ್ಮತ್ತೆ ಒಬ್ಬರೇ! ನೀವು ನಂಬುವುದಿಲ್ಲ, ಗೊತ್ತು. ಮೊದಮೊದಲು ನಾನೂ ನಂಬಿರಲಿಲ್ಲ.

ಅತ್ತೆ ಎಂದರೆ ನಮ್ಮ ತಂದೆಯ ಅಕ್ಕ. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು. ಮದುವೆಯಾಗಲಿಲ್ಲ. ಜಯಲಕ್ಷ್ಮಿಪುರಂನಲ್ಲಿ ತಾವೇ ಕಟ್ಟಿಸಿದ ಮನೆ. ಕೆಳಗೆ ತಾವು, ಮಹಡಿ ಬಾಡಿಗೆಗೆ. ನಾವಿರುವುದು ಹಿನಕಲ್‌ನಲ್ಲಿ. ಭಾನುವಾರ ಬೆಳಿಗ್ಗೆ ನಾನು ಸಾರಿನ ಡಬ್ಬಿ ಹಿಡಿದು, ಮಗಳು ಪೆನ್‌ಡ್ರೈವ್ ಹಿಡಿದು ಅಲ್ಲಿಗೆ ಹೋಗುವುದು ವಾಡಿಕೆ. ಮಗಳು ಕನ್ನಡಕ್ಕೆ ಡಬ್ ಆದ ಯಾವುದಾದರೂ ಕಾರ್ಟೂನ್ ಹಾಕುತ್ತಾಳೆ. ಅತ್ತೆ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಇಟ್ಟುಕೊಂಡು, ಕನ್ನಡಕ ಒರೆಸಿಕೊಂಡು, ಪರೀಕ್ಷೆಯಲ್ಲಿ ಕಾಪಿ ಹಿಡಿಯಲು ಕೂತವರಂತೆ ಟಿ.ವಿ. ಮುಂದೆ ಕೂರುತ್ತಾರೆ.

"ಆನೆ ನಮ್ಮೋರೇ ಕಣೇ," ಎಂದು ಒಂದು ಭಾನುವಾರ ತೀರ್ಪು ಕೊಟ್ಟರು.

"ಅದೆಂಗೆ ಅತ್ತೆ?"

"ಸೊಪ್ಪುಸದೆ ಬಿಟ್ಟು ಬೇರೆ ಮುಟ್ಟಲ್ಲ. ಕರೀದೆ ಯಾರ ಮನೆಗೂ ಹೋಗಲ್ಲ. ಹಣೆ ನೋಡು, ವಿಭೂತಿಗೆ ಎಷ್ಟು ಜಾಗ ಇದೆ!"

"ಕಬ್ಬಿನ ಗದ್ದೆಗೆ ಕರೀದೆ ಹೋಗುತ್ತಲ್ಲ ಅಜ್ಜಿ?" ಎಂದಳು ಮಗಳು.

"ಅಲ್ಲಿ ನೆಂಟಸ್ತಿಕೆ ಇರುತ್ತೆ. ನಿನಗೇನು ಗೊತ್ತು, ಸುಮ್ನಿರು."

ಕರಡಿಯ ವಿಷಯದಲ್ಲಿ ಮಾತ್ರ ಅತ್ತೆಗೆ ಬಹಳ ನಿರಾಸೆಯಾಯಿತು. ಅರ್ಧ ಸಿನಿಮಾದವರೆಗೆ ಜೇನು ಸವಿಯುತ್ತಾ ಸಂಭಾವಿತನಂತಿದ್ದ ಕರಡಿ ಇದ್ದಕ್ಕಿದ್ದಂತೆ ಹೊಳೆಗೆ ಕೈಹಾಕಿ ಮೀನು ಹಿಡಿಯಬೇಕೇ! "ನೋಡಿದ್ಯಾ? ಇಷ್ಟೊತ್ತು ಎಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದ!" ಎಂದು ಲೊಚಗುಟ್ಟಿದರು. ರಾಜಕುಮಾರಿ ಕಾಡಿನಲ್ಲಿ ಕಂಡವನನ್ನು ಮದುವೆಯಾದಾಗಲಂತೂ ಕೂತಲ್ಲೇ ಚಡಪಡಿಸಿದರು. "ಕುದುರೆ ಮೇಲೆ ಬಂದ ಅಂತ ಹೆಣ್ಣು ಕೊಟ್ಬುಡೋದಾ? ಯಾವ ಊರು, ಯಾವ ಮಠ, ಒಂದು ಮಾತಾದ್ರೂ ಕೇಳೋದು ಬೇಡ್ವಾ?"

ಹಾಗೆಂದು ಅತ್ತೆಯನ್ನು ಬರೀ ಹಳೇ ಕಾಲದವರು ಎಂದುಕೊಳ್ಳಬೇಡಿ. ನಾವು ಯಾರೂ ಗಮನಿಸದ ಒಂದು ಸಂಗತಿಯನ್ನು ಅವರು ಎಂದೋ ಗಮನಿಸಿದ್ದರು. "ಅಲ್ಲ ಕಣೇ, ಈ ಸಿನಿಮಾಗಳಲ್ಲಿ ಕೆಟ್ಟೋರೆಲ್ಲ ಯಾಕೆ ಕಪ್ಪಗೇ ಇರ್ತಾರೆ? ಸಿಂಹದಲ್ಲೂ ಕೆಟ್ಟದ್ದು ಕಪ್ಪು, ಬೆಕ್ಕಲ್ಲೂ ಕೆಟ್ಟದ್ದು ಕಪ್ಪು. ಈ ಚಿತ್ರ ಬರೆಯೋನು ನಮ್ಮಜ್ಜಿ ಹತ್ರ ಪಾಠ ಹೇಳಿಸ್ಕೊಂಡಿರಬೇಕು!" ಅತ್ತೆ ಎಣ್ಣೆಗಪ್ಪು. ಹಾಗಾಗಿ ಯಾವ ಸಿನಿಮಾ ಹಾಕಿದರೂ ಅವರು ಖಳನ ಪಕ್ಷ. ಕೊನೆಯಲ್ಲಿ ಅವನು ಬಂಡೆಯ ಮೇಲಿಂದ ಬಿದ್ದರೆ ಆ ದಿನ ಅತ್ತೆಯ ಮನೆಯಲ್ಲಿ ಎರಡನೇ ಸಲ ಕಾಫಿ ಇಲ್ಲ.

ಇಷ್ಟು ಸೂಕ್ಷ್ಮ ಕಣ್ಣಿನವರು ಮಹಡಿ ಮನೆಯ ವಿಷಯ ಬಂದರೆ ಮಾತ್ರ ಬೇರೆಯೇ ಮನುಷ್ಯರು. ಜಾತಿ ಯಾವುದು ಎಂದು ಬಾಯಿಬಿಟ್ಟು ಕೇಳುವುದು ಅಸಭ್ಯ. ಮೈಸೂರಿನವರು ನಾವು ಹಾಗೆಲ್ಲ ಕೇಳುತ್ತೇವೆಯೇ? "ಹಬ್ಬಕ್ಕೆ ಏನು ಮಾಡ್ತೀರಿ?" ಎಂದು ಕೇಳುತ್ತೇವೆ! ಹೋಳಿಗೆ ಎಂದರೆ ಬೀಗದಕೈ ಬರುತ್ತದೆ. ಬೇರೇನಾದರೂ ಹೇಳಿದರೆ ಮನೆ ಆಗಲೇ ಬೇರೆಯವರಿಗೆ ಕೊಟ್ಟಾಗಿರುತ್ತದೆ. 'ಬಾಡಿಗೆಗೆ ಇದೆ' ಎಂಬ ಬೋರ್ಡು ಮಾತ್ರ ಗೇಟಿನಲ್ಲಿ ನೇತಾಡುತ್ತಲೇ ಇರುತ್ತದೆ.

ಕಳೆದ ಚಳಿಗಾಲದ ಒಂದು ಭಾನುವಾರ ಆ ಬೋರ್ಡು ನೋಡಿಕೊಂಡು ಒಬ್ಬಳು ಹುಡುಗಿ ಬಂದಳು. ದೊಡ್ಡಾಸ್ಪತ್ರೆಯಲ್ಲಿ ನರ್ಸು, ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದಳು. ಕಣ್ಣು ಕೆಂಪಗಾಗಿತ್ತು.

"ಬನ್ನಿಮಂಟಪದ ಪಿ.ಜಿ.ಲಿ ಇದೀನಿ ಮೇಡಂ. ಒಂದೇ ರೂಮಲ್ಲಿ ತುಂಬಾ ಜನ. ಹಗಲೊತ್ತು ನಿದ್ದೆ ಮಾಡೋಕಾಗಲ್ಲ. ಮೊನ್ನೆ ಡ್ಯೂಟಿಲಿ ನಿಂತ್ಕೊಂಡೇ ತೂಕಡಿಸ್ಬುಟ್ಟೆ, ಹೆಡ್ ಸಿಸ್ಟರ್ ಬೈದ್ರು. ನಿಮ್ಮ ಬೀದಿ ಎಷ್ಟು ನಿಶ್ಶಬ್ದವಾಗಿದೆ!"

"ಹಬ್ಬಕ್ಕೆ ಏನಮ್ಮ ಮಾಡ್ತೀರಿ?"

ಪಾಪ, ಅವಳಿಗೆ ಈ ಪರೀಕ್ಷೆಯ ವಿಷಯ ತಿಳಿಯದು. ಮುಖ ಅರಳಿಸಿಕೊಂಡು, "ಯುಗಾದಿಗೆ ಹೋಳಿಗೆ. ಮಾರನೇ ದಿನ ಹೊಸತೊಡಕಿಗೆ ಮಟನ್ ಸಾರು, ಮುದ್ದೆ. ನಮ್ಮಮ್ಮ ಮಾಡಿದ್ರೆ ಬೀದಿಗೆಲ್ಲಾ ಘಮ ಅನ್ನುತ್ತೆ ಮೇಡಂ!" ಎಂದಳು.

"ಮನೆ ಕೊಟ್ಟಾಯ್ತು ಕಣಮ್ಮ," ಎಂದರು ಅತ್ತೆ, ಬಹಳ ಮೃದುವಾಗಿ.

ಹುಡುಗಿ ಬೋರ್ಡು ನೋಡಿದಳು, ಅತ್ತೆಯನ್ನು ನೋಡಿದಳು, "ಆಯ್ತು ಮೇಡಂ" ಎಂದು ಗೇಟು ಸದ್ದಾಗದಂತೆ ಮುಚ್ಚಿಕೊಂಡು ಹೋದಳು.

ನಾವು ಒಳಗೆ ಬಂದು ಸಿನಿಮಾ ನೋಡಲು ಕೂತೆವು. ಅವತ್ತಿನದು ಒಂದು ಗೂಬೆಯ ಕಥೆ. ಚಳಿಗಾಲಕ್ಕೆ ಪೊಟರೆ ಹುಡುಕಿಕೊಂಡು ಗೂಬೆಯೊಂದು ಹಕ್ಕಿಗಳ ಊರಿಗೆ ಬರುತ್ತದೆ. "ಗೂಬೆ ಅಂದ್ರೆ ಅಪಶಕುನ ಅಂತಾರಲ್ಲ, ಅದರ ಮುಖ ನೋಡಿದ್ರೆ ಅಯ್ಯೋ ಅನ್ನಿಸುತ್ತಪ್ಪ," ಎಂದು ಅತ್ತೆ ಆಗಲೇ ಪಕ್ಷ ವಹಿಸಿಬಿಟ್ಟಿದ್ದರು. ಗೂಬೆ ಒಂದು ಮರದ ಬಾಗಿಲು ತಟ್ಟಿತು. ಕೊರಳಿಗೆ ಕೆಂಪು ಪಟ್ಟಿಯ ಗಿಳಿ ತಲೆ ಹೊರಹಾಕಿ, ಬಹಳ ಮೃದುವಾಗಿ ಹೇಳಿತು: "ಪೊಟರೆ ಕೊಟ್ಟಾಯ್ತು."

ಅತ್ತೆಯ ಕೈಯಲ್ಲಿದ್ದ ಕಾಫಿ ಲೋಟ ಬಾಯಿಯವರೆಗೆ ಹೋಗಲಿಲ್ಲ.

ಸಿನಿಮಾ ಮುಗಿದರೂ ಗಿಳಿಯ ಜಾತಿ ಯಾವುದೆಂಬ ತೀರ್ಪು ಬರಲಿಲ್ಲ! ಅತ್ತೆಗೆ ಹುಷಾರಿಲ್ಲವೇನೋ ಎಂದು ನಾನು ಹಣೆ ಮುಟ್ಟಿ ನೋಡಿದೆ. ಅವರು ನನ್ನ ಕೈ ಸರಿಸಿದರು.

"ನನ್ನ ನೋಡೋಕೆ ಬಂದೋರೂ ಇಂಗೇ ಹೇಳ್ತಿದ್ರು ಕಣೇ. 'ಬೇರೆ ಕಡೆ ಮಾತಾಗ್ಬುಟ್ಟಿದೆ' ಅಂತ. ಎಷ್ಟು ಮೆತ್ತಗೆ ಹೇಳೋರು! ಮಾತು ಎಲ್ಲೂ ಆಗಿರ್ತಿರಲಿಲ್ಲ. ನಮ್ಮನೆ ಉಪ್ಪಿಟ್ಟು ಮಾತ್ರ ಖಾಲಿ ಆಗಿರ್ತಿತ್ತು."

ಆರಿಹೋದ ಕಾಫಿಯನ್ನು ಕೆಳಗಿಟ್ಟು, "ಆ ಹುಡುಗಿ ಫೋನ್ ನಂಬರ್ ಇಸ್ಕೊಂಡ್ಯಾ?" ಎಂದರು. ಮನೆ ಇಲ್ಲ ಎಂದು ಕಳಿಸಿದವರ ನಂಬರನ್ನು ಯಾರಾದರೂ ಇಸ್ಕೊಳ್ಳುತ್ತಾರೆಯೇ?

ಮಾರನೆಯ ಬೆಳಿಗ್ಗೆಯಿಂದ ಅತ್ತೆ ಸ್ವೆಟರು ತೊಟ್ಟು, ತಲೆಗೆ ಮಫ್ಲರ್ ಸುತ್ತಿಕೊಂಡು ಆಸ್ಪತ್ರೆಯ ಎದುರಿನ ಬಸ್ ನಿಲ್ದಾಣದಲ್ಲಿ ಕೂರತೊಡಗಿದರು. ರಾತ್ರಿ ಪಾಳಿ ಬಿಟ್ಟು ಬರುವ ಹುಡುಗಿಯರ ಮುಖವನ್ನೆಲ್ಲಾ ಬಗ್ಗಿ ಬಗ್ಗಿ ನೋಡುವ ಈ ಅಜ್ಜಿ ಯಾರನ್ನೋ ಕಳೆದುಕೊಂಡಿದ್ದಾರೆ ಎಂದುಕೊಂಡು ಕಾವಲುಗಾರ ಅವರಿಗೆ ಟೀ ತಂದುಕೊಟ್ಟನಂತೆ. ಹಾಗೂ ಹೀಗೂ ಆ ವಾರ ಮುಗಿಯುವುದರೊಳಗೆ ಅವಳು ಸಿಕ್ಕಳು. ಆ ದಿನ ನಾನೂ ಜೊತೆಗಿದ್ದೆ. ಹುಡುಗಿ ಗುರುತು ಹಿಡಿದು ಗಾಬರಿಯಾದಳು.

"ಮನೆ ಕೊಟ್ಟಾಯ್ತು ಅಂದಿರಲ್ಲಾ ಮೇಡಂ?"

"ಹೂಂ ಕಣಮ್ಮ, ನಿನಗೇ ಕೊಟ್ಟಿದ್ದು! ಗೇಟು ಹಾಕ್ಕೊಂಡು ಓಡೋಗ್ಬುಟ್ರೆ ನಾನೇನು ಮಾಡಲಿ?"

ಈಗ ಮಹಡಿಯಲ್ಲಿ ಅವಳೇ ಇದ್ದಾಳೆ. ಹೊಸತೊಡಕಿನ ದಿನ ಅತ್ತೆ ಊದುಬತ್ತಿಯ ಇಡೀ ಕಟ್ಟು ಹಚ್ಚಿ, ಕಿಟಕಿ ಮುಚ್ಚಿಕೊಂಡು ಕೂತಿದ್ದರು. ಎಲ್ಲಾ ಒಂದೇ ಏಟಿಗೆ ಬದಲಾಗುವುದಕ್ಕೆ ಅತ್ತೆ ಏನು ಕಾರ್ಟೂನೇ?

ಆದರೆ ಮೊನ್ನೆ ಭಾನುವಾರ ಹೋದಾಗ ಟಿ.ವಿ.ಯಲ್ಲಿ ಆನೆ ಬಾಯಿ ತೆರೆಯುತ್ತಿತ್ತು, ಸದ್ದೇ ಇಲ್ಲ. ಕೆಟ್ಟು ಹೋಯಿತೇನೋ ಎಂದು ನಾನು ರಿಮೋಟಿಗೆ ಕೈ ಹಾಕಿದೆ. ಅತ್ತೆ ತಟ್ಟನೆ ನನ್ನ ಕೈ ಹಿಡಿದು, ಮಹಡಿಯ ಕಡೆ ಕಣ್ಣು ತೋರಿಸಿದರು.

"ಮೆತ್ತಗೆ ಕಣೇ. ರಾತ್ರಿಯೆಲ್ಲಾ ಎದ್ದಿದ್ದು ಬಂದಿದೆ ಮಗು. ಮಲಗಲಿ."